ಸ್ಯಾನ್ ಮಟಿಯೋದ ಸ್ನೇಹಪಂದ್ಯ

ವಿಮಾನ ನಿಲ್ದಾಣ

ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದ ಗಾಜಿನ ಗೂಡಿನಲ್ಲಿ ಕುಳಿತಿದ್ದ ಅಧಿಕಾರಿ ನನ್ನ ಪಾಸ್‌ಪೋರ್ಟನ್ನು ತಿರುವುತ್ತಾ ಬಂದ ಉದ್ದೇಶವೇನು ಎಂದು ಕೇಳಿದ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಫುಟ್‌ಬಾಲ್ ಮ್ಯಾಚ್ ನೋಡಲು."

ಅವನ ಮುಖ ಅರಳಿತು. ಯಾವ ತಂಡ ಎಂದ. ಅವನ ಮನಸ್ಸಿನಲ್ಲಿದ್ದದ್ದು ತಲೆಗೆ ಹೆಲ್ಮೆಟ್ಟು ಹಾಕಿ, ಭುಜಕ್ಕೆ ದಿಂಬು ಕಟ್ಟಿಕೊಂಡು, ಚೆಂಡನ್ನು ಕಂಕುಳಲ್ಲಿ ಅವುಚಿ ಓಡುವ ಅವರ ದೇಶದ ಫುಟ್‌ಬಾಲು. ಅದಲ್ಲ, ಕಾಲಿನಲ್ಲಿ ಆಡುವ ಫುಟ್‌ಬಾಲು ಎಂದೆ. ನನ್ನ ಸ್ನೇಹಿತನದೊಂದು ತಂಡವಿದೆ, ದೊಡ್ಡ ಲೀಗುಗಳ ಗಾಳಿಯೂ ಅದಕ್ಕೆ ಸೋಕಿಲ್ಲ, ಭಾನುವಾರ ಊರಿನ ಪಾರ್ಕಿನಲ್ಲಿ ಆಡುತ್ತಾರೆ, ಸೀಸನ್ ಕೂಡ ಇನ್ನೂ ಶುರುವಾಗಿಲ್ಲ, ಇದು ಬರೀ ಸ್ನೇಹಪಂದ್ಯ ಎಂದು ವಿವರಿಸಿದೆ.

"ಅದಕ್ಕೋಸ್ಕರ ಇಂಡಿಯಾದಿಂದ ಬಂದಿರಾ?"

"ಹೌದು."

ಅವನು ನನ್ನ ಮುಖವನ್ನೇ ಒಂದು ಕ್ಷಣ ನೋಡಿ ಮುದ್ರೆ ಒತ್ತಿದ. ಸುಳ್ಳು ಹೇಳುವವನು ಇದಕ್ಕಿಂತ ಒಳ್ಳೆಯ ಸುಳ್ಳು ಹುಡುಕುತ್ತಿದ್ದ ಎನ್ನಿಸಿರಬೇಕು.

ಮುಂದಿನ ಬಾಗಿಲಲ್ಲಿ ಸುಲಭವಾಗಲಿಲ್ಲ. ನನ್ನ ಸೂಟ್‌ಕೇಸಿನಲ್ಲಿ ಚಕ್ಕುಲಿ, ಹುರಿಗಾಳುಗಳ ಜೊತೆ ಹಳೆಯ ಫುಟ್‌ಬಾಲ್ ಬೂಟುಗಳಿದ್ದವು. ಅಲ್ಲಿದ್ದ ಹೆಂಗಸು ಚಕ್ಕುಲಿಯನ್ನು ಮೂಸಿ ಬಿಟ್ಟುಕೊಟ್ಟಳು. ಬೂಟಿನ ತಳ ತಿರುಗಿಸಿದವಳೇ ಹಾವು ಕಂಡ ಹಾಗೆ ಹಿಂದೆ ಸರಿದಳು. ಹೊರದೇಶದ ಮಣ್ಣು ಒಳಗೆ ಬರುವಂತಿಲ್ಲವಂತೆ. ಇಬ್ಬರು ರಬ್ಬರ್ ಕೈಗವಸು ಹಾಕಿಕೊಂಡು ಬೆಂಗಳೂರಿನ ಕೆಂಪು ಮಣ್ಣನ್ನು ಬ್ರಷ್ಷಿನಿಂದ ಉಜ್ಜಿ, ಔಷಧಿ ನೀರಿನಲ್ಲಿ ಅದ್ದಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು. ನಾನು ಕೊಂಡ ದಿನವೂ ಆ ಬೂಟುಗಳು ಅಷ್ಟು ಚೊಕ್ಕಟವಾಗಿರಲಿಲ್ಲ.

ಹೊರಗೆ ಬಾಷಾ ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಮೈಯ ಭಾರವನ್ನೆಲ್ಲ ಎಡಗಾಲಿನ ಮೇಲೆ ಹಾಕಿ ನಿಲ್ಲುವ ಭಂಗಿ ಮಾತ್ರ ಹಾಗೇ ಇತ್ತು.

"ಏನೋ ಗೌಡ, ಒಂದೂವರೆ ಗಂಟೆ ಒಳಗೆ ಏನ್ ಮಾಡ್ತಿದ್ದೆ? ಅರೆಸ್ಟ್ ಮಾಡಿದ್ರಾ?"

"ಬೂಟಿಗೆ ಸ್ನಾನ ಮಾಡಿಸ್ತಿದ್ರು ಕಣೋ."

ಕ್ಯಾಂಪ್‌ಬೆಲ್

ಬಾಷಾನನ್ನು ಪರಿಚಯಿಸಬೇಕು. ನಾನು ಮಂಡ್ಯದ ಕಡೆಯವನು, ಅವನು ಬೆಂಗಳೂರಿನ ಶಿವಾಜಿನಗರದವನು. ಇಬ್ಬರೂ ಒಂದೇ ವರ್ಷ ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಗೆ ಆಟಗಾರರ ಕೋಟಾದಲ್ಲಿ ಸೇರಿದೆವು. ನಾನು ಗೋಲ್‌ಕೀಪರ್. ಅವನು ನನ್ನ ಮುಂದೆ ನಿಲ್ಲುವ ಬ್ಯಾಕ್. ಬಾಷಾನನ್ನು ದಾಟಿ ಚೆಂಡು ನನ್ನ ಹತ್ತಿರ ಬರುವುದೇ ಅಪರೂಪವಾಗಿದ್ದರಿಂದ ನನಗೆ ಒಳ್ಳೆಯ ಗೋಲ್‌ಕೀಪರ್ ಎಂಬ ಹೆಸರು ಬಂತು. ಇದನ್ನು ನಾನು ಎಲ್ಲ ಕಡೆಯೂ ಒಪ್ಪಿಕೊಂಡಿದ್ದೇನೆ. ಇಪ್ಪತ್ತೇಳನೆಯ ವಯಸ್ಸಿನಲ್ಲಿ, ರಾಜ್ಯ ತಂಡದ ಆಯ್ಕೆಗೆ ಹತ್ತು ದಿನ ಇರುವಾಗ, ನಮ್ಮ ಮೈದಾನದಲ್ಲೇ ಅವನ ಮಂಡಿ ಮುರಿಯಿತು. ಆಮೇಲೆ ಅವನು ದುಬೈಗೆ ಹೋದ, ಅಲ್ಲಿಂದ ಅಮೆರಿಕಕ್ಕೆ. ಈಗ ಸ್ಯಾನ್ ಮಟಿಯೋದಲ್ಲಿ ಗ್ರಾಸರಿ ಅಂಗಡಿ, ಕ್ಯಾಂಪ್‌ಬೆಲ್‌ನಲ್ಲಿ ಮನೆ. ಭಾನುವಾರ ಅವನೊಂದು ತಂಡದ ಕೋಚ್. ನಾನು ಸ್ವಯಂನಿವೃತ್ತಿ ತೆಗೆದುಕೊಂಡೆ ಎಂದು ಬರೆದಾಗ, ಬಂದು ನನ್ನ ತಂಡ ನೋಡು ಎಂದು ಕಾಗದ ಹಾಕಿದ. ಹೊರಟು ಬಂದೆ.

ಆ ವರ್ಷ ಆ ಸೀಮೆಗೆಲ್ಲ ಇಂಟರ್ನೆಟ್ಟಿನ ಜ್ವರ ಹಿಡಿದಿತ್ತು. ಬಾಷಾನ ತಂಡದ ಹೊಸ ಜರ್ಸಿಗಳು ಮನೆಯ ಗ್ಯಾರೇಜಿನಲ್ಲಿ ರಟ್ಟಿನ ಡಬ್ಬದಲ್ಲಿದ್ದವು. ಎದೆಯ ಮೇಲೆ ಒಂದು ಕಂಪನಿಯ ಹೆಸರು, ಕೊನೆಯಲ್ಲಿ ಡಾಟ್ ಕಾಮ್. ಜನರಿಗೆ ಇಂಟರ್ನೆಟ್ಟಿನಲ್ಲಿ ಕಾಲುಚೀಲ ಮಾರುವ ಕಂಪನಿಯಂತೆ ಅದು. ಜರ್ಸಿಗಳು ಬಂದು ತಲುಪಿದ ವಾರವೇ ಕಂಪನಿ ಬಾಗಿಲು ಹಾಕಿತ್ತು.

"ಈಗ ಇದನ್ನ ಹಾಕ್ಕೊಂಡು ಆಡ್ತೀರಾ?"

"ಯಾಕೆ ಆಡಬಾರದು? ಕಂಪನಿ ಸತ್ತಿರಬಹುದು, ಬಟ್ಟೆ ಚೆನ್ನಾಗಿದೆ" ಎಂದಳು ನಸೀಮಾ. ಅವಳು ಬಾಷಾನ ಹೆಂಡತಿ, ಮೈಸೂರಿನವಳು. ನನ್ನನ್ನು ಅಣ್ಣ ಎನ್ನುತ್ತಾಳೆ. ಮೈಸೂರಿನ ಮಾತಿನ ನಿಧಾನವನ್ನು ಅಮೆರಿಕದಲ್ಲೂ ಒಂದಿಷ್ಟೂ ಬಿಟ್ಟುಕೊಟ್ಟಿಲ್ಲ.

ಶನಿವಾರ ಸಂಜೆ ತಂಡದ ಗೋಲ್‌ಕೀಪರ್ ಊಟಕ್ಕೆ ಬಂದ. ಮಂಜುನಾಥ, ಹಾಸನದ ಕಡೆಯವನು, ಯಾವುದೋ ಕಂಪನಿಯ ಕಂಪ್ಯೂಟರುಗಳು ನಿಂತುಹೋಗದಂತೆ ಕಾಯುವುದು ಅವನ ಕೆಲಸ. ಸೊಂಟದಲ್ಲಿ ಪೇಜರು. ಅದು ಕೂಗಿದಾಗಲೆಲ್ಲ ಅನ್ನದ ಕೈಯಲ್ಲೇ ಎದ್ದು ಹೋಗಿ ಫೋನು ಹಿಡಿಯುತ್ತಿದ್ದ. ಅವನಿಗೆ ಬಾಷಾ ತನ್ನ ಮಂಡಿಯ ಕಥೆ ಹೇಳಿದ.

"ಲಾಸ್ಟ್ ಮಿನಿಟು. ಸೈಡಿಂದ ಕ್ರಾಸ್ ಬಂತು. ಗೌಡ ಮುಂದೆ ಬಂದ, ಗೋಲು ಖಾಲಿ. ನಾನು ಲೈನ್‌ಗೆ ಓಡಿದೆ. ಕಾಲು ಗುಂಡಿಗೆ ಹೋಯ್ತು, ಫಟ್ ಅಂತ ಸೌಂಡು. ಗ್ರೌಂಡ್ ನೋಡ್ಕೊಳೋನು ಮುನಿಯಪ್ಪ ಅಂತ ಒಬ್ಬ ಇದ್ದ. ಗೋಲ್ ಮುಂದೆ ಗುಂಡಿ ಬಿಟ್ಟಿದ್ದ. ಮೇಲೆ ಕಂಪ್ಲೇಂಟ್ ಹೋದ ಮೇಲೆ ಅವನನ್ನ ಗ್ರೌಂಡಿಂದ ತೆಗೆದು ಬಾಯ್ಲರ್ ಹತ್ರ ಕಲ್ಲಿದ್ದಲು ಹೊರೋಕೆ ಹಾಕಿದ್ರು. ಹಾಕಲಿ, ಅಂದ್ಕೊಂಡೆ."

ಮಂಜುನಾಥ ತ್ಚು ತ್ಚು ಎಂದ. ನಾನು ತಲೆ ಬಗ್ಗಿಸಿ ಊಟ ಮಾಡಿದೆ. ಓದುಗರಿಗೆ ಈಗಲೇ ಹೇಳಿಬಿಡುತ್ತೇನೆ: ಆ ಗುಂಡಿ ಮುನಿಯಪ್ಪನದಲ್ಲ, ನನ್ನದು. ಗೋಲಿನ ನಟ್ಟನಡು ಎಲ್ಲಿದೆ ಎಂದು ಹಿಂದೆ ತಿರುಗದೆ ಗೊತ್ತಾಗಲಿ ಎಂದು ನಾನು ಹಿಮ್ಮಡಿಯಿಂದ ನೆಲದಲ್ಲಿ ಒಂದು ಗೀರು ಕೊರೆಯುತ್ತಿದ್ದೆ. ಎಷ್ಟೋ ಗೋಲ್‌ಕೀಪರುಗಳು ಹೀಗೆ ಮಾಡುತ್ತಾರೆ. ಆ ವಾರ ಮಳೆ ಬಂದು ನೆಲ ಮೆತ್ತಗಿತ್ತು. ನಾನು ಪ್ರತಿ ಸಲ ಕಾಲಿಟ್ಟಾಗಲೂ ಕೊರೆದು ಕೊರೆದು ಗೀರು ಗುಂಡಿಯಾಗಿತ್ತು. ಬಾಷಾನ ಬಲಗಾಲು ಹೋದದ್ದು ಅದರೊಳಕ್ಕೆ. ವಿಚಾರಣೆಗೆ ಬಂದವರು ಕೇಳಿದಾಗ ನಾನು "ಗಮನಿಸಿಲ್ಲ" ಎಂದಿದ್ದೆ. ಇಪ್ಪತ್ತೆರಡು ವರ್ಷವಾಗಿತ್ತು.

ಸ್ಯಾನ್ ಮಟಿಯೋ, ಆಟಕ್ಕೆ ಮುಂಚೆ

ಭಾನುವಾರ ಬೆಳಿಗ್ಗೆ ಫ್ರೀವೇ ಖಾಲಿ ಇತ್ತು. ಎಡಗಡೆ ಒಣಗಿ ಕಂದಾದ ಗುಡ್ಡಗಳು. ನಮ್ಮಲ್ಲಾದರೆ ಬರ ಎನ್ನುತ್ತೇವೆ, ಇಲ್ಲಿಯವರು ಬಂಗಾರದ ಬಣ್ಣ ಎನ್ನುತ್ತಾರೆ. ಗುಡ್ಡದ ನೆತ್ತಿಯಿಂದ ಮಂಜು ಇಳಿಯುತ್ತಿತ್ತು. ಆಗಸ್ಟ್ ತಿಂಗಳಲ್ಲಿ ನಾನು ಬಾಷಾನ ಸ್ವೆಟರ್ ಹಾಕಿಕೊಂಡು ಕುಳಿತಿದ್ದೆ.

ಮೈದಾನ ಎಂದು ನಾನು ಕಲ್ಪಿಸಿಕೊಂಡದ್ದೇ ಬೇರೆ. ಗೇಟಿಲ್ಲ, ಟಿಕೇಟಿಲ್ಲ, ಗ್ಯಾಲರಿಯೂ ಇಲ್ಲ. ಒಂದು ಪಾರ್ಕು, ಒಂದು ಕಡೆ ಮಕ್ಕಳ ಜಾರುಬಂಡೆ, ಇನ್ನೊಂದು ಕಡೆ ಬೇಸ್‌ಬಾಲಿನ ಕೆಂಪು ಅಂಗಳ, ನಡುವೆ ಫುಟ್‌ಬಾಲಿನ ಹುಲ್ಲು. ಗೋಲ್‌ಪೋಸ್ಟುಗಳನ್ನು ಸೈಕಲ್ಲಿನ ಹಾಗೆ ಬೇಲಿಗೆ ಸರಪಳಿ ಹಾಕಿ ಬೀಗ ಜಡಿದಿದ್ದರು. ಕೀಲಿ ಇದ್ದವನು ತಡವಾಗಿ ಬಂದ. ಆಮೇಲೆ ಎಂಟು ಜನ ಸೇರಿ ಗೋಲನ್ನು ಹೊತ್ತು ತಂದು ನಿಲ್ಲಿಸಿದರು. ಬಲೆ ಕಟ್ಟಿದವನು ಒಂದು ಹೋಟೆಲಿನ ಅಡುಗೆಯವನು, ಗೆರೆಗೆ ಸುಣ್ಣ ಎಳೆದವನು ಒಬ್ಬ ಎಂಜಿನಿಯರು. ನಮ್ಮ ಕಾರ್ಖಾನೆಯಲ್ಲಿ ಆಟಗಾರ ಬಂದು ಆಡಿ ಹೋಗುತ್ತಿದ್ದ. ಉಳಿದದ್ದೆಲ್ಲ ಮುನಿಯಪ್ಪನ ಪಾಲು.

ನಾನು ಅಭ್ಯಾಸದಂತೆ ಮೈದಾನ ಸುತ್ತಿದೆ. ಮೂಲೆಯ ಹತ್ತಿರ ಒಂದು ತೂತು ಕಂಡಿತು, ಮುಷ್ಟಿ ಹೋಗುವಷ್ಟು. ನಡುವೆ ಮತ್ತೆ ಮೂರು. ಆಚೆ ಗೋಲಿನ ಮುಂದೆ ಇನ್ನೆರಡು, ಪಕ್ಕದಲ್ಲಿ ಹೊಸ ಮಣ್ಣಿನ ಗುಡ್ಡೆ.

"ಅದು ಗೋಫರ್" ಎಂದು ಹಿಂದಿನಿಂದ ಯಾರೋ ಇಂಗ್ಲಿಷಿನಲ್ಲಿ ಹೇಳಿದರು. ಗೋಲಿನ ಹಿಂದೆ ಮಡಿಚುವ ಕುರ್ಚಿ ಹಾಕಿಕೊಂಡು, ಮೊಣಕಾಲ ಮೇಲೆ ಕಂಬಳಿ ಹೊದ್ದು, ಎಪ್ಪತ್ತು ದಾಟಿದ ಒಬ್ಬ ಮುದುಕಿ ಉಲ್ಲನ್ ಹೆಣೆಯುತ್ತಿದ್ದಳು. ಹೆಸರು ಡಾರತಿ. ಗೋಫರ್ ಎಂದರೆ ನೆಲದೊಳಗೆ ಸುರಂಗ ಕೊರೆಯುವ ಇಲಿಯಂಥ ಪ್ರಾಣಿಯಂತೆ. ಅವಳು ಪ್ರತಿ ಭಾನುವಾರ ಬರುತ್ತಾಳೆ, ಆಟದ ನಿಯಮ ಒಂದೂ ಗೊತ್ತಿಲ್ಲ, ಸೋಲುತ್ತಿರುವ ತಂಡದ ಪರ ಕೂಗುತ್ತಾಳೆ.

ನಾನು ನೇರ ಬಾಷಾನ ಹತ್ತಿರ ಹೋದೆ.

"ಬಾಷಾ, ಇಲ್ಲಿ ಏಳೆಂಟು ತೂತಿದಾವೆ. ಮುಚ್ಚದೆ ಆಡಿಸಬೇಡ."

"ಗೋಫರ್ ಕಣೋ, ಪ್ರತಿ ವಾರ ಇರುತ್ತೆ. ನೋಡ್ಕೊಂಡು ಆಡ್ತಾರೆ."

"ಚೆಂಡು ನೋಡೋನು ನೆಲ ಎಲ್ಲಿ ನೋಡ್ತಾನೆ?"

"ಪ್ಲೆಸೆಂಟನ್‌ನೋರು ಬ್ರಿಜ್ ದಾಟಿ ದೂರದ ಊರಿಂದ ಆಡೋಕೆ ಬಂದಿದಾರೆ, ನಮಗಿಂತ ಎರಡು ಡಿವಿಷನ್ ಮೇಲಿನ ಟೀಮು. ಹನ್ನೆರಡಕ್ಕೆ ಪಾರ್ಕ್ ಬಿಡಬೇಕು, ಆಮೇಲೆ ಯಾರದೋ ಬರ್ತ್‌ಡೇ ಪಾರ್ಟಿ ಇದೆ. ಇವತ್ತು ಲೇಟ್ ಮಾಡಿದ್ರೆ ಅವರು ಮತ್ತೆ ಬರಲ್ಲ. ಸುಮ್ನೆ ಕೂತ್ಕೊಳೋ ಗೌಡ. ನೀನು ಗೆಸ್ಟು."

ನಾನು ಕೂರಲಿಲ್ಲ. ಮೈದಾನದ ನಡುವೆ ಹೋಗಿ ಕಿಕ್‌ಆಫ್ ಚುಕ್ಕೆಯ ಮೇಲೆ ನಿಂತೆ. ರೆಫರಿ ಬಂದು ದಯವಿಟ್ಟು ಪಕ್ಕಕ್ಕೆ ಸರಿಯಿರಿ ಎಂದ. ನಾನು ತೂತುಗಳ ಕಡೆ ಕೈ ತೋರಿಸಿ, ಮುಚ್ಚಿದ ಮೇಲೆ ಸರಿಯುತ್ತೇನೆ ಎಂದೆ. ನನ್ನ ಇಂಗ್ಲಿಷು ಅವನಿಗೆ ಎಷ್ಟು ಅರ್ಥವಾಯಿತೋ, ಮುಖ ಅರ್ಥವಾಯಿತು. ಪ್ಲೆಸೆಂಟನ್ ತಂಡದ ನಾಯಕ ಬಂದು ಒಂದು ತೂತಿನೊಳಗೆ ಬೂಟಿನ ತುದಿ ಹಾಕಿ ನೋಡಿದ. ತನ್ನವರ ಕಡೆ ತಿರುಗಿ ಏನೋ ಹೇಳಿದ. ಎರಡು ನಿಮಿಷದಲ್ಲಿ ಇಪ್ಪತ್ತೆರಡು ಜನ ಬೇಸ್‌ಬಾಲ್ ಅಂಗಳದ ಕೆಂಪು ಮಣ್ಣನ್ನು ಸಿಕ್ಕ ಸಿಕ್ಕ ಚೀಲ, ಡಬ್ಬಗಳಲ್ಲಿ ತುಂಬಿ ತರುತ್ತಿದ್ದರು. ಯಾರೂ ಗೊಣಗಲಿಲ್ಲ. ನಮ್ಮಲ್ಲಾಗಿದ್ದರೆ ಮೊದಲು ಇದು ಯಾರ ಕೆಲಸ ಎಂದು ಅರ್ಧ ಗಂಟೆ ಜಗಳ ನಡೆಯುತ್ತಿತ್ತು.

ಗೋಲಿನ ಮುಂದಿನ ಎರಡು ತೂತುಗಳಿಗೆ ಬಾಷಾ ಮತ್ತು ನಾನು ಬಗ್ಗಿದೆವು. ಅವನಿಗೆ ಮಂಡಿ ಮಡಿಚಲು ಬರುವುದಿಲ್ಲ. ಬಲಗಾಲನ್ನು ಪಕ್ಕಕ್ಕೆ ಚಾಚಿ ಕುಳಿತು ಅಂಗೈಯಿಂದ ಮಣ್ಣು ತಟ್ಟುತ್ತಿದ್ದ.

"ಆ ಮುನಿಯಪ್ಪ ನಿನ್ನಷ್ಟು ತಲೆ ಕೆಡಿಸ್ಕೊಂಡಿದ್ರೆ ನಾನು ಇವತ್ತಿಗೂ ಓಡ್ತಿದ್ದೆ ಕಣೋ" ಎಂದ.

ಅದನ್ನು ಕೇಳಿಕೊಂಡು ಇನ್ನೊಂದು ಹಿಡಿ ಮಣ್ಣು ಹಾಕುವುದು ನನ್ನಿಂದಾಗಲಿಲ್ಲ.

"ಆ ಗುಂಡಿ ಮುನಿಯಪ್ಪಂದಲ್ಲ, ಬಾಷಾ. ನಂದು."

"ಏನು?"

"ನಾನು ಹಿಮ್ಮಡೀಲಿ ಗೀರು ಹಾಕ್ತಿದ್ನಲ್ಲ, ಅದು. ಮಳೆಗೆ ಆಳ ಆಗಿತ್ತು. ನಿನ್ನ ಕಾಲು ಹೋಗಿದ್ದು ಅದರೊಳಗೆ. ನನಗೆ ಅವತ್ತೇ ಗೊತ್ತಿತ್ತು. ಹೇಳಲಿಲ್ಲ."

ಅವನು ಮಣ್ಣು ತಟ್ಟುವುದನ್ನು ನಿಲ್ಲಿಸಿದ. ನನ್ನ ಮುಖ ನೋಡಲಿಲ್ಲ. ಗೋಲ್‌ಪೋಸ್ಟು ಹಿಡಿದು ಎದ್ದ. ನಾನು ಕೈ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಕುಂಟುತ್ತಾ ತನ್ನ ಹುಡುಗರ ಕಡೆಗೆ ಹೋದ.

ಆಟ

ಮೊದಲ ಅರ್ಧವನ್ನು ನಾನು ಡಾರತಿಯ ಪಕ್ಕದಲ್ಲಿ ನಿಂತು ನೋಡಿದೆ. ಬಾಷಾ ಆಚೆ ಗೆರೆಯಲ್ಲಿದ್ದ, ಒಂದು ಸಲವೂ ಈ ಕಡೆ ತಿರುಗಲಿಲ್ಲ.

ಇಲ್ಲಿಯ ಆಟದ ಮರ್ಯಾದೆಯೇ ವಿಚಿತ್ರ. ಎದುರಾಳಿಯನ್ನು ಬೀಳಿಸಿದವನೇ ಕೈ ಹಿಡಿದು ಎಬ್ಬಿಸಿ, ಸಾರಿ ಎನ್ನುತ್ತಾನೆ. ಖಾಲಿ ಗೋಲಿಗೆ ಹೊಡೆಯಲಾರದೆ ಚೆಂಡನ್ನು ಪಾರ್ಕಿಂಗಿಗೆ ಕಳಿಸಿದವನಿಗೂ ನೋಡುವವರು "ಗುಡ್ ಟ್ರೈ" ಎಂದು ಚಪ್ಪಾಳೆ ತಟ್ಟುತ್ತಾರೆ. ನಮ್ಮ ಬೆಂಗಳೂರಿನ ಪ್ರೇಕ್ಷಕರಾಗಿದ್ದರೆ ಅವನ ಮೂರು ತಲೆಮಾರನ್ನು ವಿಚಾರಿಸಿಕೊಳ್ಳುತ್ತಿದ್ದರು. ಒಂದು ಕಂದು ನಾಯಿ ಒಳಗೆ ನುಗ್ಗಿ ಚೆಂಡನ್ನು ಮೂತಿಯಿಂದ ತಳ್ಳಿಕೊಂಡು ಹೋದಾಗ ಆಟ ಮೂರು ನಿಮಿಷ ನಿಂತಿತು. ಯಾರೂ ಹೊಡೆಯಲಿಲ್ಲ, ಬಯ್ಯಲಿಲ್ಲ. ಎಲ್ಲರೂ ನಾಯಿಯ ಹೆಸರೇನು ಎಂದು ಕೇಳಿದರು.

ಆದರೂ ಆಟ ಚೆನ್ನಾಗಿತ್ತು. ಬಾಷಾನ ಹುಡುಗರು ಸಣ್ಣ ಸಣ್ಣ ಪಾಸುಗಳಲ್ಲಿ ಚೆಂಡನ್ನು ನೆಲದ ಮೇಲೇ ಇಟ್ಟುಕೊಂಡಿದ್ದರು. ಅದು ನಮ್ಮ ಕಾರ್ಖಾನೆಯ ಆಟ, ನೋಡಿದ ಕೂಡಲೇ ಗುರುತು ಸಿಕ್ಕಿತು. ಅಡುಗೆಯವನು ಒಂದು ಗೋಲು ಹೊಡೆದ. ಮೇಲಿನ ಡಿವಿಷನ್ನಿನ ಪ್ಲೆಸೆಂಟನ್‌ನವರ ಮುಖ ಗಂಟಿಕ್ಕಿತು.

ಅರ್ಧವಿರಾಮದಲ್ಲಿ ಹೋಳು ಮಾಡಿದ ಕಿತ್ತಳೆ ಹಣ್ಣು ಹಂಚಿದರು. ಆಗ ಮಂಜುನಾಥನ ಪೇಜರು ಕೂಗಿತು. ಅವನು ಯಾರದೋ ಮೊಬೈಲ್ ಪಡೆದು ಮಾತಾಡಿ, ಕೈಗವಸು ಬಿಚ್ಚುತ್ತಾ ಬಂದ.

"ಸಾರಿ ಸರ್, ಸರ್ವರ್ ಬಿದ್ದಿದೆ. ಹೋಗ್ಲೇಬೇಕು. ಇಲ್ಲಾಂದ್ರೆ ನನ್ನ ಕೆಲ್ಸ ಹೋಗತ್ತೆ."

ಮೀಸಲು ಆಟಗಾರರಲ್ಲಿ ಗೋಲ್‌ಕೀಪರ್ ಇರಲಿಲ್ಲ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಷಾ ಮಂಜುನಾಥನ ಕೈಗವಸುಗಳನ್ನು ಎತ್ತಿಕೊಂಡ. ನನ್ನ ಕಡೆ ನಾಲ್ಕು ಹೆಜ್ಜೆ ಬಂದು ಅವನ್ನು ನನ್ನ ಎದೆಗೆ ಎಸೆದ.

"ಕಾರಲ್ಲಿ ನಿನ್ನ ಬೂಟು ಇದೆಯಲ್ಲ, ಹಾಕ್ಕೋ" ಎಂದ. ಅಷ್ಟೇ. ದನಿಯಲ್ಲಿ ಸ್ನೇಹವಿರಲಿಲ್ಲ. ಬೇರೆ ಗೋಲ್‌ಕೀಪರ್ ಇರಲಿಲ್ಲ, ಅದಕ್ಕೆ ಕರೆದ.

ಐವತ್ತೊಂದು ವರ್ಷದ ನಾನು ಸತ್ತ ಕಾಲುಚೀಲದ ಕಂಪನಿಯ ಜರ್ಸಿ ಹಾಕಿಕೊಂಡು ಗೋಲಿಗೆ ನಡೆದೆ. ಹೆದರಿಕೆಯಾಗಲಿಲ್ಲ. ಗೋಲಿನೊಳಗೆ ನಿಂತರೆ ನನಗೆ ಇವತ್ತಿಗೂ ಹೆದರಿಕೆಯಾಗುವುದಿಲ್ಲ. ಎರಡು ಕಂಬ ಮುಟ್ಟಿ, ನಡುವೆ ಬಂದು ನಿಂತೆ. ಬಲ ಹಿಮ್ಮಡಿ ತಾನಾಗಿಯೇ ಮೇಲೆದ್ದಿತು, ನೆಲ ಕೊರೆಯಲು. ಕೊರೆಯದೆ ಇಳಿಸಿಬಿಟ್ಟೆ. ಬಾಷಾ ಆಚೆಯಿಂದ ನನ್ನ ಕಾಲನ್ನೇ ನೋಡುತ್ತಿದ್ದ.

ಗೀರಿಲ್ಲದೆ ನನಗೆ ಗೋಲು ಎಲ್ಲಿದೆಯೆಂದೇ ತಿಳಿಯಲಿಲ್ಲ. ಐದು ನಿಮಿಷದೊಳಗೆ ಪ್ಲೆಸೆಂಟನ್ ನಾಯಕ ಹೊಡೆದ ಸಾಧಾರಣ ಚೆಂಡು ನಾನು ಬಿಟ್ಟಿದ್ದ ಎಡಗಡೆಯ ಜಾಗದಲ್ಲಿ ನಿಧಾನವಾಗಿ ಉರುಳಿ ಒಳಗೆ ಹೋಯಿತು. ನಾನು ಒಂದು ಗಜ ಬಲಕ್ಕೆ ನಿಂತಿದ್ದೆ.

"ಗುಡ್ ಟ್ರೈ, ಹನಿ" ಎಂದಳು ಡಾರತಿ.

"ಅಮ್ಮಾ, ಒಂದು ಉಪಕಾರ ಮಾಡಿ" ಎಂದೆ ನನಗೆ ಬಂದ ಇಂಗ್ಲಿಷಿನಲ್ಲಿ. "ನಿಮ್ಮ ಕುರ್ಚಿಯನ್ನು ಬಲೆಯ ಹಿಂದೆ ನಟ್ಟನಡುವೆ ಹಾಕಿಕೊಳ್ಳಿ. ಸುಮ್ಮನೆ ಇರಬೇಡಿ, ಮಾತಾಡುತ್ತಾ ಇರಿ."

ಅವಳಿಗೆ ಅದಕ್ಕಿಂತ ಸುಲಭದ ಕೆಲಸ ಇರಲಿಲ್ಲ. ಮುಂದಿನ ನಲವತ್ತು ನಿಮಿಷ ನನ್ನ ಬೆನ್ನ ಹಿಂದೆ ಅವಳ ತಂಗಿಯ ಮೂರು ಮದುವೆಗಳು, ಬೆಕ್ಕಿನ ಸಕ್ಕರೆ ಕಾಯಿಲೆ, ಮೊಮ್ಮಗನಿಗೆ ಹೆಣೆಯುತ್ತಿರುವ ಟೋಪಿಯ ಅಳತೆ ಎಲ್ಲವೂ ನಡೆದವು. ದನಿ ನೇರ ಹಿಂದಿನಿಂದ ಬಂದರೆ ನಾನು ನಡುವೆ ಇದ್ದೇನೆ. ಎಡಗಿವಿಗೆ ಬಂದರೆ ಒಂದು ಹೆಜ್ಜೆ ಎಡಕ್ಕೆ ಸರಿಯಬೇಕು. ಕೊನೆಯ ಹತ್ತು ನಿಮಿಷ ಪ್ಲೆಸೆಂಟನ್‌ನವರು ನಮ್ಮ ಮೇಲೆಯೇ ಬಿದ್ದರು. ಒಂದು ಕ್ರಾಸ್ ಬಂತು, ಅವರ ಎತ್ತರದ ಹುಡುಗ ತಲೆ ಕೊಟ್ಟ. ಬಲಗಡೆ ಹಾರಿದೆ. ಚೆಂಡು ಬೆರಳ ತುದಿಗೆ ತಾಗಿ ಕಂಬದ ಪಕ್ಕ ಹೊರಗೆ ಹೋಯಿತು. ಇಳಿದ ಕೂಡಲೇ ಸೊಂಟ ಬೇರೆಯೇ ಕಥೆ ಹೇಳಿತು, ಅದು ಬೇರೆ ವಿಷಯ. ಅಂಥ ಚೆಂಡನ್ನು ಮೂವತ್ತನೇ ವಯಸ್ಸಿನಲ್ಲಿ ತಡೆದಿದ್ದರೂ ನಾನು ಜನರಿಗೆ ಹೇಳಿಕೊಂಡು ತಿರುಗುತ್ತಿದ್ದೆ.

ಒಂದಕ್ಕೊಂದು, ಸಮ. ಹುಡುಗರು ಬಂದು ನನ್ನ ಬೆನ್ನು ತಟ್ಟಿದರು. ಪ್ಲೆಸೆಂಟನ್ ನಾಯಕ ಮುಂದಿನ ವರ್ಷವೂ ಬರುತ್ತೇವೆ ಎಂದ. ಬಾಷಾ ಬಲೆ ಬಿಚ್ಚುತ್ತಿದ್ದ.

ಮತ್ತೆ ಕ್ಯಾಂಪ್‌ಬೆಲ್

ಮನೆಗೆ ಬಂದು ನಾನು ಸ್ನಾನ ಮಾಡಿ ಹೊರಬರುವಷ್ಟರಲ್ಲಿ ಬಾಷಾ ನಸೀಮಾಳಿಗೆ ಎಲ್ಲ ಹೇಳಿದ್ದ. ಅವಳು ಅಡುಗೆಮನೆಯ ಮೇಜಿನ ಮೇಲೆ ಚಹಾ ಇಟ್ಟಳು. ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ.

"ಅಣ್ಣ, ಒಂದು ವಿಷಯ ನನಗೆ ಅರ್ಥ ಆಗ್ಲಿಲ್ಲ. ಮಾರನೇ ದಿನ ಎನ್‌ಕ್ವೈರಿಗೆ ಬಂದೋರು ಆ ಗೀರನ್ನ ನೋಡಿರ್ತಾರಲ್ಲ? ಗೋಲ್‌ಕೀಪರ್ ಹಾಕಿದ ಗೀರು ಅಂತ ಅವರಿಗೆ ಗೊತ್ತಾಗ್ಲಿಲ್ವಾ?"

ಬೆಳಿಗ್ಗೆ ನಾನು ಹೇಳಿದ್ದು ಅರ್ಧ ಮಾತ್ರ. ಉಳಿದರ್ಧಕ್ಕೆ ಅವಳು ಕೈ ಹಾಕಿದ್ದಳು.

"ಗೀರು ಇರಲಿಲ್ಲ ನಸೀಮಾ. ಇವನನ್ನ ಎತ್ತಿ ಆಂಬುಲೆನ್ಸಿಗೆ ಹಾಕ್ತಿದ್ದಾಗ ನಾನು ಗೋಲ್ ಹತ್ರಾನೇ ಉಳ್ಕೊಂಡೆ. ಕಾಲಲ್ಲಿ ಮಣ್ಣು ಎಳೆದು ಮುಚ್ಚಿ ತುಳಿದೆ. ಮಾರನೇ ದಿನ ಅವರು ಬಂದಾಗ ಹೊಸ ಮಣ್ಣು ಕಾಣಿಸ್ತು. ಮುನಿಯಪ್ಪ ತಪ್ಪು ಮುಚ್ಕೊಳ್ಳೋಕೆ ರಾತ್ರೋರಾತ್ರಿ ಗುಂಡಿ ಮುಚ್ಚಿದಾನೆ ಅಂತ ಬರೆದ್ರು."

ಬಾಷಾ ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕಿದ.

"ನನ್ನ ಕಾಲು ಬಿಡೋ. ಆಟ ಅಂದ್ಮೇಲೆ ಕಾಲು ಹೋಗತ್ತೆ. ಆ ಕಂಪ್ಲೇಂಟಿಗೆ ಸೈನ್ ಹಾಕಿದೋನು ನಾನು. ಆಸ್ಪತ್ರೆ ಬೆಡ್ಡಲ್ಲಿ ಮಲ್ಕೊಂಡು ಹಾಕ್ದೆ. ಆ ಮನುಷ್ಯ ನನ್ನ ನೋಡೋಕೆ ಬಂದಿದ್ದ, ಬಾಳೆಹಣ್ಣು ಹಿಡ್ಕೊಂಡು. ಆಚೆ ಹೋಗು ಅಂದೆ ನಾನು. ನೀನು ಅಲ್ಲೇ ಸ್ಟೂಲ್ ಮೇಲೆ ಕೂತಿದ್ದೆ ಕಣೋ ಗೌಡ. ನನ್ನ ಪಕ್ಕದಲ್ಲೇ ಕೂತಿದ್ದೆ."

ಹೌದು, ಕೂತಿದ್ದೆ.

"ಇನ್ನೂ ಇದಾನಾ ಮುನಿಯಪ್ಪ?" ಎಂದ ಬಾಷಾ.

"ಇದಾನೆ. ಕೆಂಗೇರಿ ಹತ್ರ ಮಗಳ ಮನೇಲಿ."

"ಫೋನ್ ಇದ್ಯಾ?"

"ಪಕ್ಕದ ಅಂಗಡೀಲಿ ಇದೆ. ಕರೆದು ಕೊಡ್ತಾರೆ. ನಂಬರ್ ನನ್ನ ಡೈರೀಲಿದೆ." ನಂಬರನ್ನು ಎಂಟು ವರ್ಷದ ಹಿಂದೆ ಬರೆದುಕೊಂಡಿದ್ದೆ. ಒಮ್ಮೆಯೂ ಮಾಡಿರಲಿಲ್ಲ.

ನಮ್ಮ ಊರಿನಲ್ಲಿ ಬೆಳಗಾಗಲು ಇಲ್ಲಿ ಸಂಜೆಯಾಗಬೇಕು. ಕಾದೆವು. ಎಂಟು ಗಂಟೆಗೆ, ಹೊರಗೆ ಇನ್ನೂ ಬೆಳಕಿರುವಾಗಲೇ, ನಸೀಮಾ ಫೋನ್ ಕಾರ್ಡಿನ ಹಿಂದಿನ ಲೇಪ ಕೆರೆದು ಉದ್ದನೆಯ ನಂಬರನ್ನು ಒಂದೊಂದೇ ಅಂಕಿಯಾಗಿ ಒತ್ತಿದಳು. ಅಂಗಡಿಯವನು ತಡೆಯಿರಿ ಎಂದ. ಯಾರೋ ಓಡಿದ ಸದ್ದು, ಕೋಳಿ ಕೂಗಿದ ಸದ್ದು, ಬಸ್ಸಿನ ಹಾರನ್ನು. ಆಮೇಲೆ ಉಸಿರು ಬಿಡುತ್ತಾ ಒಂದು ದನಿ.

"ಯಾರು ಸಾ?"

ನಾನು ಹೆಸರು ಹೇಳಿದೆ. ಅಮೆರಿಕದಿಂದ, ಬಾಷಾನ ಮನೆಯಿಂದ ಎಂದೆ. ಆಮೇಲೆ ನಿಲ್ಲಿಸದೆ, ಗೀರು, ಗುಂಡಿ, ಮುಚ್ಚಿದ್ದು, ಸುಳ್ಳು, ಎಲ್ಲವನ್ನೂ ಹೇಳಿದೆ. ತಂತಿಯಲ್ಲಿ ನನ್ನ ದನಿಯೇ ತಿರುಗಿ ನನ್ನ ಕಿವಿಗೆ ಬರುತ್ತಿತ್ತು.

"ಗೊತ್ತಿತ್ತಲ್ಲ ಸಾ" ಎಂದ ಮುನಿಯಪ್ಪ.

"ಏನು ಗೊತ್ತಿತ್ತು?"

"ನೀವು ಮುಚ್ಚಿದ್ದು. ಬೆಳಗ್ಗೆ ನೀರು ಹೊಡಿಯೋಕ್ ಹೋದಾಗ ನೋಡ್ದೆ. ಬೂಟಿನ ಮೊಳೆ ಗುರುತು ಇತ್ತು. ನನಗೆ ಬೂಟು ಎಲ್ಲಿತ್ತು ಸಾ? ನಾನು ಬರಿಗಾಲು."

"ಮತ್ತೆ ಎನ್‌ಕ್ವೈರೀಲಿ ಯಾಕೆ ಹೇಳ್ಲಿಲ್ಲ?"

"ನೀನು ಮುಚ್ಚಿದ್ಯಾ ಅಂತ ಕೇಳಿದ್ರು. ಇಲ್ಲ ಅಂದೆ. ಯಾರು ಮುಚ್ಚಿದ್ರು ಅಂತ ಒಬ್ರೂ ಕೇಳ್ನಿಲ್ಲ."

ನನ್ನ ಕೈಯಿಂದ ಬಾಷಾ ರಿಸೀವರ್ ತೆಗೆದುಕೊಂಡ. "ಮುನಿಯಪ್ಪಾ, ನಾನು ಬಾಷಾ" ಎಂದ. ಆ ಕಡೆಯಿಂದ ಏನೋ ಕೇಳಿದರು. "ನಡೀತೀನಿ, ಮಂಡಿ ಮಡಿಚಕ್ಕಾಗಲ್ಲ ಅಷ್ಟೆ" ಎಂದ. ರಿಸೀವರನ್ನು ನಸೀಮಾಳ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿ ನಿಂತ. ಕಾರ್ಡು ಮುಗಿಯುವವರೆಗೂ ನಸೀಮಾ ಮುನಿಯಪ್ಪನ ಜೊತೆ ಮೊಮ್ಮಕ್ಕಳ ವಿಷಯ ಮಾತಾಡಿದಳು.

ಆ ವಾರ ಬಾಷಾನೂ ನಾನೂ ಅದೇ ಮೇಜಿನ ಮೇಲೆ ಕಾರ್ಖಾನೆಗೆ ಒಂದು ಪತ್ರ ಬರೆದೆವು. ನಾನು ಹೇಳುತ್ತಾ ಹೋದೆ, ಅವನು ತಿದ್ದಿದ. ಇಬ್ಬರೂ ಸಹಿ ಹಾಕಿದೆವು. ಅದನ್ನು ನಾನೇ ಕೈಯಲ್ಲಿ ತರುತ್ತೇನೆಂದು ನಸೀಮಾ ಮುನಿಯಪ್ಪನಿಗೆ ಫೋನಿನಲ್ಲಿ ತಿಳಿಸಿದಳು. ಬಾಷಾ ನನ್ನೊಡನೆ ಮತ್ತೆ ಮಾತಾಡಲು ಶುರು ಮಾಡಿದ್ದು ಆ ಪತ್ರದ ಕನ್ನಡದ ಬಗ್ಗೆ ಜಗಳ ತೆಗೆದಾಗಲೇ. ವಿಮಾನ ನಿಲ್ದಾಣದಲ್ಲಿ ತಬ್ಬಿಕೊಳ್ಳಲಿಲ್ಲ. ಕೈ ಕುಲುಕಿದ, ಹಿಡಿದೇ ಇದ್ದ.

"ಸರಿಹೋಯ್ತು ಅಂತ ಹೇಳಕ್ಕಾಗಲ್ಲ ಗೌಡ" ಎಂದ. "ಮುಂದಿನ ವರ್ಷನೂ ಬಾ. ಆ ಮಂಜುನಾಥನ್ನ ನಂಬ್ಕೊಂಡು ಟೀಮ್ ನಡೆಸಕ್ಕಾಗಲ್ಲ."

ಕೆಂಗೇರಿ

ಊರಿಗೆ ಬಂದ ಮೂರನೆಯ ದಿನ ಕೆಂಗೇರಿಗೆ ಹೋದೆ. ಮುನಿಯಪ್ಪನವರು ಜಗುಲಿಯ ಮೇಲೆ ಚಾಪೆ ಹಾಸಿಕೊಂಡು ಕುಳಿತಿದ್ದರು.

ನಸೀಮಾ ಕಳಿಸಿದ್ದ ಸ್ವೆಟರನ್ನು ಕೊಟ್ಟೆ. ಪಕ್ಕಕ್ಕಿಟ್ಟು, ಕಾಗದ ಎಲ್ಲಿ ಎಂದರು. ಕಾರ್ಖಾನೆಯವರು ಈಗ ಇದನ್ನು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ ಎಂದೆ. ಅವರು ಏನಾದರೂ ಮಾಡಿಕೊಳ್ಳಲಿ, ನನ್ನ ಫೈಲಿನಲ್ಲಿ ಇದೂ ಸೇರಲಿ, ಮೊದಲು ನಾನು ಕೇಳಬೇಕು ಎಂದರು. ಹೈಸ್ಕೂಲಿಗೆ ಹೋಗುವ ಮೊಮ್ಮಗಳನ್ನು ಕರೆದರು. ಅವಳು ಜೋರಾಗಿ ಓದಿದಳು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ಕೇಳಿದರು. ನಾನು ನೆಲ ನೋಡುತ್ತಿದ್ದೆ.

"ಗೋಲ್‌ಕೀಪರನಾದ ನಾನೇ ಕೊರೆದ ಸುಮಾರು ಅರ್ಧ ಅಡಿ ಆಳದ ಗುಂಡಿಯಲ್ಲಿ" ಎಂಬಲ್ಲಿಗೆ ಬಂದಾಗ ಮುನಿಯಪ್ಪನವರು ಕೈ ಎತ್ತಿದರು.

"ಅರ್ಧ ಅಡಿ ಎಲ್ಲಿತ್ತು ಸಾ?"

"ಸುಮಾರು ಅಂತ ಬರೆದಿದ್ದೀನಿ."

"ನಾಲ್ಕು ಬೆರಳು. ಎನ್‌ಕ್ವೈರಿಯೋರು ಹೋದ್ಮೇಲೆ ಮುಚ್ಚಿದ್ದ ಮಣ್ಣು ತೆಗೆದು ನಾನೇ ಕೈ ಹಾಕಿ ನೋಡಿದ್ದೀನಿ. ಅರ್ಧ ಅಡಿ ಗುಂಡಿ ಬಿದ್ದಿದ್ರೆ ಆಟ ಶುರುವಾಗೋಕೆ ನಾನು ಬಿಡ್ತಿದ್ನಾ? ನನ್ನ ಗ್ರೌಂಡಲ್ಲಿ? ಸರಿಯಾಗಿ ಬರೀರಿ."

ಮೊಮ್ಮಗಳು ಪೆನ್ನು ಕೊಟ್ಟಳು. ನಾನು ಅರ್ಧ ಅಡಿಯನ್ನು ಹೊಡೆದು ಹಾಕಿ ನಾಲ್ಕು ಬೆರಳು ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದೆ. ಮುನಿಯಪ್ಪನವರು ಕಾಗದವನ್ನು ಮೊಮ್ಮಗಳ ಕೈಗೆ ಕೊಟ್ಟು, ಮೊದಲಿನಿಂದ ಇನ್ನೊಂದು ಸಲ ಓದಲು ಹೇಳಿದರು.